ಹಗೇವಿನಲ್ಲಿ ಬಚ್ಚಿಟ್ಟ ಗುಂಡಿಗೆ

ಬೈಲಹೊಂಗಲದಿಂದ ದೊಡವಾಡಕ್ಕೆ ಹೊರಟ ಹನ್ನೊಂದೂವರೆಯ ಬಸ್ಸಿನಲ್ಲಿ, ಕಿಟಕಿಯ ಪಕ್ಕ ಕುಳಿತಿದ್ದ ಭಾಗೀರಥಿ ಆಕಾಶ ನೋಡಿದಳು. ನೋಡಿದ್ದೇ ತಡ, ತೊಡೆಯ ಮೇಲಿದ್ದ ಸಂತೆಚೀಲ ಜಾರಿ ಬದನೆಕಾಯಿಗಳೆಲ್ಲ ಸೀಟಿನಡಿ ಉರುಳಿದವು. ಬಟಾಬಯಲಿನಂಥ ನೀಲಿ ಆಕಾಶದಲ್ಲಿ ಮೂರು ಬಿಳಿ ಗೆರೆಗಳು ಒಂದರ ಮಗ್ಗುಲಿಗೊಂದು ಇಳಿಯುತ್ತಿದ್ದವು.

"ಡ್ರೋನ್ ಇರಬೇಕ ತಗೀರಿ. ಹತ್ತಿಗೆ ಎಣ್ಣಿ ಹೊಡ್ಯಾಕ ಬಂದಿರತೈತಿ," ಎಂದ ಕಂಡಕ್ಟರ್, ಎಲ್ಲ ಬಲ್ಲವನಂತೆ.

ಡ್ರೋನ್ ಎಲ್ಲಿಯದು! ಮೂರು ಗೆರೆ ಎಳೆಯುತ್ತ ಇಳಿಯುವುದು ಕಪ್ಪುಪಡೆಯ ಬೇಟೆನೌಕೆ. ಹನ್ನೆರಡು ವರ್ಷಗಳ ಹಿಂದೆ, ಏಳು ಚಂದ್ರರ ಯುದ್ಧದ ಕೊನೆಯ ದಿನ, ಅಂಥದೇ ಮೂರು ಗೆರೆಗಳು ಅವಳ ಹುಟ್ಟೂರು ಓರಣಿಯ ಮೇಲೆ ಇಳಿದಿದ್ದವು. ಓರಣಿಯೆಂದರೆ ಸವದತ್ತಿ, ಕಿತ್ತೂರಿನಂತೆ ಬಸ್ಸು ಹತ್ತಿ ಹೋಗುವ ಊರಲ್ಲ. ಅಲ್ಲಿಂದ ಹೊರಟ ಬೆಳಕು ಇಲ್ಲಿಗೆ ಮುಟ್ಟುವಷ್ಟರಲ್ಲಿ ನಮ್ಮ ಮೊಮ್ಮಕ್ಕಳು ಮುದುಕರಾಗಿರುತ್ತಾರೆ. ಆಗ ಅವಳು ನಲವತ್ತು ಜನರ ಯುದ್ಧನೌಕೆ ನಡೆಸುತ್ತಿದ್ದಳು. ಒಡೆದ ಚಂದ್ರನ ಚೂರುಗಳ ನಡುವೆ ನೌಕೆ ನುಗ್ಗಿಸುತ್ತ, ತನ್ನ ಬಂದರು ಉರಿಯುವುದನ್ನು ಮೇಲಿನಿಂದ ನೋಡುತ್ತ, ಕೊನೆಗೆ ಒಬ್ಬಳೇ ಉಳಿದು, ರಾಮದುರ್ಗದ ಹತ್ತಿರ ಮಲಪ್ರಭೆಯ ಮಡುವಿಗೆ ಬಂದು ಬಿದ್ದಳು. ನೌಕೆ ಮುಳುಗಿತು. ಕೈಯಲ್ಲುಳಿದದ್ದು ಅದರ ಗುಂಡಿಗೆ ಮಾತ್ರ. ನೀರಿನ ಕೊಡದಷ್ಟು ದಪ್ಪನೆಯ ಆ ಯಂತ್ರ ನೌಕೆಯನ್ನು ನಕ್ಷತ್ರದಿಂದ ನಕ್ಷತ್ರಕ್ಕೆ ಹಾರಿಸಬಲ್ಲದು.

ತಂಗಿಯ ಮನೆಗೆಂದು ರಾಮದುರ್ಗಕ್ಕೆ ಹೋಗಿ, ಹೊಳೆಗೆ ಇಳಿದಿದ್ದ ದೊಡವಾಡದ ಗುರುಬಸವ್ವ ಅವಳನ್ನು ದಂಡೆಗೆ ಎಳೆದಳು. ಮುಂದೆ ಮಾತು ಕಲಿತ ಮೇಲೆ ಹುಡುಗಿ ತನ್ನ ಕತೆಯನ್ನೆಲ್ಲ ಹೇಳಿದಾಗ ಗುರುಬಸವ್ವ ಪೂರ್ತಿ ಕೇಳಿ, "ಇರಲಿ, ಮೊದಲ ಉಣ್ಣು," ಎಂದಳಂತೆ. ಹೊಳೆ ಕೊಟ್ಟ ಮಗಳೆಂದು ಭಾಗೀರಥಿ ಎಂದು ಹೆಸರಿಟ್ಟವಳೂ ಅವಳೇ. ಇಬ್ಬರೂ ಸೇರಿ ಆ ಗುಂಡಿಗೆಯನ್ನು ಹಿತ್ತಲಿನ ಪಾಳು ಹಗೇವಿಗೆ ಇಳಿಸಿದ್ದರು. ಹಗೇವೆಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜ. ಬಾಯಿ ಒಬ್ಬರು ನುಸುಳುವಷ್ಟು, ಹೊಟ್ಟೆ ಕೋಣೆಯಷ್ಟು. ಮೂವತ್ತು ವರ್ಷಗಳ ಹಿಂದೆ ಗುರುಬಸವ್ವನ ಗಂಡ ನಿಜಗುಣಪ್ಪ ಅದರೊಳಗೆ ಉಸಿರುಗಟ್ಟಿ ತೀರಿಕೊಂಡಂದಿನಿಂದ ಮನೆಯವರು ಅದರ ತಂಟೆಗೆ ಹೋಗುತ್ತಿರಲಿಲ್ಲ. ಬಾಯಿಗೆ ಚಪ್ಪಡಿ ಇರುವ ತನಕ ಗುಂಡಿಗೆಯ ಮಿಡಿತ ಆಕಾಶಕ್ಕೆ ಕೇಳುವುದಿಲ್ಲ.

ಹಾಗಾದರೆ ಚಪ್ಪಡಿ ಎತ್ತಿದವರು ಯಾರು?

"ನಿಲ್ಲಸ್ರೀ!" ಎಂದು ಕೂಗಿ ಭಾಗೀರಥಿ ಬಸ್ಸಿನಿಂದ ಹಾರಿದಳು. ಸೀರೆ ಎತ್ತಿ ಕಟ್ಟಿ ಎರೆಹೊಲದ ಬದುವಿನ ಮೇಲೆ ಬಿದ್ದಂಬೀಳ ಓಡಿದಳು. ತಪ್ಪಿಸಿಕೊಂಡು ಅಡಗಿದವರು ಸಿಕ್ಕ ಊರನ್ನು ಸುಟ್ಟೇ ಹೋಗುವುದು ಕಪ್ಪುಪಡೆಯ ಕಾಯಿದೆ. ಹನ್ನೆರಡು ವರ್ಷದಿಂದ ಮಲಗಿದ್ದ ಯುದ್ಧದ ನೆತ್ತರು ಕುದಿದೆದ್ದು ಕಾಲಿಗೆ ರೆಕ್ಕೆ ಬಂದಿದ್ದವು.

ಹಿತ್ತಲಲ್ಲಿ ಗುರುಬಸವ್ವನ ಮಗ ಶಂಕರೆಪ್ಪ ಅಳತೆಯ ಟೇಪು ಹಿಡಿದು ನಿಂತಿದ್ದ. ಪಾಪ, ಅವನಿಗೆ ಈ ಗುಟ್ಟು ಗೊತ್ತಿರಲಿಲ್ಲ. ಚಪ್ಪಡಿ ಪಕ್ಕಕ್ಕಿತ್ತು.

"ಹಗೇವ ಮುಚ್ಚಿ ಟ್ರ್ಯಾಕ್ಟರ್ ಶೆಡ್ ಹಾಕೋಣಂತ ಮಾಡೇನಿ. ಎಷ್ಟ ಟ್ರೇಲಿ ಮಣ್ಣ ಬೇಕಂತ ನೋಡಾಕ ಕಲ್ಲ ತಗದೆ. ಯಾಕ ತಂಗಿ, ಹಿಂಗ ಓಡಿ ಬಂದಿ?"

ಉತ್ತರ ಕೊಡಲು ಹೊತ್ತೆಲ್ಲಿ? ಕಡಲೆ ಹೊಲದಲ್ಲಿ ಧೂಳೆದ್ದು ನೌಕೆ ಇಳಿಯಿತು. ಹೊರಗೆ ಬಂದ ಗುರುಬಸವ್ವನಿಗೆ ಒಂದೇ ನೋಟಕ್ಕೆ ಎಲ್ಲ ತಿಳಿಯಿತು. ಭಾಗೀರಥಿಯ ರಟ್ಟೆ ಹಿಡಿದು ಎಮ್ಮೆಗಳ ಹಿಂದೆ ದಬ್ಬಿದಳು.

ಬೇಟೆಗಾರ ಕರಿಯ ಕವಚ ತೊಟ್ಟು ಬೇಲಿ ಮುರಿದು ಒಳಬಂದ. ಗುರುಬಸವ್ವ ಸೊಂಟಕ್ಕೆ ಕೈಯಿಟ್ಟು ಎದುರು ನಿಂತಳು.

"ಯಾರ್ರೀ ನೀವು? ಮಂದಿ ಕಡ್ಲಿ ಹೊಲಾ ತುಳಕೊಂಡ ಬರೂದೇನ್ರಿ? ದಾರಿ ಇಲ್ಲೇನ ನಿಮಗ?"

ಅವನಿಗೆ ಒಂದಕ್ಷರವೂ ತಿಳಿಯಲಿಲ್ಲ. ಕೈಯಲ್ಲಿದ್ದ ಯಂತ್ರ ಹಗೇವಿನ ಕಡೆ ಹಿಡಿದಾಗ ಕೂಗಿತು. ಕವಚದೊಡನೆ ಆ ಬಾಯಿಯಲ್ಲಿ ಹಿಡಿಸುವಂತಿರಲಿಲ್ಲ. ಶಿರಸ್ತ್ರಾಣ ಕಳಚಿದ, ಕವಚ ಬಿಚ್ಚಿದ. ಒಳಗಿದ್ದವನು ಭಾಗೀರಥಿಯಂತೆಯೇ ಗೋಧಿಬಣ್ಣದ, ನಲವತ್ತರ ಆಸುಪಾಸಿನ ದಣಿದ ಮನುಷ್ಯ.

"ಏ ಯಪ್ಪಾ, ಇಳೀಬ್ಯಾಡ್ರಿ!" ಶಂಕರೆಪ್ಪ ಚೀರಿದ. "ಒಳಗ ಕೆಟ್ಟ ಗಾಳಿ ಐತಿ! ಒಂದ ದಿನಾ ಬಾಯಿ ತಗದ ಬಿಡಬೇಕ್ರಿ, ದೀಪಾ ಇಳಿಸಿ ನೋಡಬೇಕ್ರಿ! ದೀಪಾ ಆರಿದ್ರ ಮನಷ್ಯಾನೂ ಆರಿದಂಗ!"

ಎರಡೂ ಭಾಷೆ ಬಲ್ಲವಳು ಎಮ್ಮೆಯ ಹಿಂದೆ ಕುಳಿತಿದ್ದಳು. ಒಂದು ಮಾತು ಸಾಕಿತ್ತು. ಅವಳು ಬಾಯಿ ಬಿಡಲಿಲ್ಲ. ಸುಳ್ಳೇಕೆ, ಖುಷಿಯೇ ಆಯಿತು. ಬೇಟೆಗಾರ ಇಳಿದ. ನಾಲ್ಕು ಉಸಿರಿನ ಮೇಲೆ ದೊಪ್ಪನೆ ಬಿದ್ದ ಸದ್ದು ಬಂತು.

ಚಪ್ಪಡಿ ಮುಚ್ಚಿದರೆ ಮುಗಿಯಿತು! ಭಾಗೀರಥಿ ಎದ್ದು ಬಂದಳು. ಆದರೆ ಗುರುಬಸವ್ವ ಹಗೇವಿನ ಬಾಯಿಗೆ ಮೊಣಕಾಲೂರಿ ಕುಳಿತಿದ್ದಳು. "ಯಾರರೆ ಹಗ್ಗಾ ತರ್ರೋ! ಯಾರರೆ ಇಳೀರೋ!" ಎಂದು ಹುಚ್ಚಿಯಂತೆ ಕೂಗುತ್ತಿದ್ದಳು. ಮೂವತ್ತು ವರ್ಷಗಳ ಹಿಂದೆಯೂ ಅವಳು ಅಲ್ಲೇ ಕುಳಿತು ಅದನ್ನೇ ಕೂಗಿದ್ದಳು. ಅಂದು ಯಾರೂ ಇಳಿದಿರಲಿಲ್ಲ.

ಭಾಗೀರಥಿಗೆ ತಡೆಯಲಾಗಲಿಲ್ಲ. ನೆಲದ ಮೇಲಿದ್ದ ವೈರಿಯ ಶಿರಸ್ತ್ರಾಣವನ್ನೇ ತಲೆಗೆ ಹಾಕಿದಳು. ಅದರಲ್ಲಿ ಉಸಿರಾಡಲು ಗಾಳಿಯಿತ್ತು. ಸೊಂಟಕ್ಕೆ ಬಾವಿಯ ಹಗ್ಗ ಕಟ್ಟಿ, "ಅಣ್ಣಾ, ಗಟ್ಟಿ ಹಿಡಿ," ಎಂದು ಇಳಿದಳು.

ಕತ್ತಲಲ್ಲಿ ಕಿವಿಯೊಳಗೆ ಒಂದು ದನಿ ಗರ್ಜಿಸಿತು. ಕಣ್ಣಿಗೆ ಕಾಣದಷ್ಟು ಮೇಲೆ ನಿಂತ ದೊಡ್ಡ ನೌಕೆಯ ದನಿ.

"ಗುಂಡಿಗೆ ಸಿಕ್ಕಿತೇ? ಊರಿನ ಮೇಲೆ ತೋಪು ತಿರುಗಿಸಿದ್ದೇವೆ. ನೂರು ಎಣಿಸುವುದರೊಳಗೆ ಉತ್ತರ ಕೊಡು. ಒಂದು, ಎರಡು..."

ಇಪ್ಪತ್ತಕ್ಕೆ ಅವನ ಕಂಕುಳಿಗೂ ಹಗ್ಗ ಬಿಗಿದಳು. ಶಂಕರೆಪ್ಪ ಹಲ್ಲು ಕಚ್ಚಿ ಎಳೆದ. ಐವತ್ತಕ್ಕೆ ಇಬ್ಬರೂ ಮೇಲೆ. ಗುರುಬಸವ್ವ ಉಳ್ಳಾಗಡ್ಡಿ ಜಜ್ಜಿ ಅವನ ಮೂಗಿಗೆ ಒತ್ತಿ, ಎದೆಗೆ ಗುದ್ದಿದಳು. ಎಪ್ಪತ್ತು. ಗುದ್ದಿದಳು. ಎಪ್ಪತ್ತೈದಕ್ಕೆ ಅವನು ಕೆಮ್ಮಿದ.

ಕಣ್ಣು ಬಿಟ್ಟವನು ತನ್ನ ಶಿರಸ್ತ್ರಾಣ ತೊಟ್ಟ ಹೆಂಗಸನ್ನು ನೋಡಿದ. ಅವಳ ಬಾಯಿಂದ ಓರಣಿಯ ಮಾತು ಬಂದಾಗ ಬೆಚ್ಚಿದ.

"ನಿನ್ನವರು ಎಣಿಸುತ್ತಿದ್ದಾರೆ. ಎಂಬತ್ತಾಯಿತು."

"ನಿಮ್ಮ ಬಂದರು ಸುಟ್ಟವರಲ್ಲಿ ನಾನೂ ಒಬ್ಬ," ಎಂದ ಅವನು. "ನನ್ನನ್ನು ಯಾಕೆ ಎತ್ತಿದೆ?"

"ಮೇಲೆ ನಿಂತು, ಕೆಳಗೆ ಸಾಯುವವರನ್ನು ನೋಡಿ ನೋಡಿ ನನಗೆ ಸಾಕಾಗಿದೆ."

ತೊಂಬತ್ತು. ಅವನು ಶಿರಸ್ತ್ರಾಣಕ್ಕೆ ಕೈ ಚಾಚಿದ. ಕೊಡಲೋ ಬೇಡವೋ? ಇಡೀ ದೊಡವಾಡ ಆ ಕೈಯಲ್ಲಿತ್ತು. ತೊಂಬತ್ತಾರಕ್ಕೆ ಕೊಟ್ಟಳು.

"ಇಲ್ಲಿ ಏನೂ ಇಲ್ಲ," ಎಂದ ಅವನು ಅದರೊಳಗೆ. "ಬರಿ ಖಾಲಿ ಗುಂಡಿ, ಹಳೆಯ ಸದ್ದು. ಮೇಲೆ ಬರುತ್ತಿದ್ದೇನೆ. ಆದರೆ ನನ್ನ ನೌಕೆ ಕೆಟ್ಟಿದೆ, ನಾನು ಉಳಿಯುವಂತಿಲ್ಲ. ನನಗಾಗಿ ಕಾಯಬೇಡಿ." ಮಣಿಕಟ್ಟಿನ ಪಟ್ಟಿಯ ಮೇಲಿನ ಬಟನ್ ಒತ್ತಿದ. ಕಡಲೆ ಹೊಲದಿಂದ ಖಾಲಿ ನೌಕೆ ಚಿಮ್ಮಿ, ಹದ್ದುಗಳಾಚೆ, ನೀಲಿಯಾಚೆ ಏರಿ ಸಿಡಿಯಿತು. ಊರ ನಾಯಿಗಳೆಲ್ಲ ಒಮ್ಮೆಲೇ ಬೊಗಳಿದವು. ಭಾಗೀರಥಿ ಚಪ್ಪಡಿ ಎಳೆದು ಹಗೇವು ಮುಚ್ಚಿದಳು. ತಲೆಯೆತ್ತಿ ಕಾದಳು. ಆಕಾಶದಲ್ಲಿ ಮತ್ತೆ ಗೆರೆ ಮೂಡಲಿಲ್ಲ. ಅಳುವೂ ನಗುವೂ ಒಟ್ಟಿಗೇ ಬಂದವು.

ಸದ್ದು ಕೇಳಿ ನೆರೆಮನೆಯ ಶೆಟ್ಟೆವ್ವ ಗೋಡೆಯ ಮೇಲೆ ಇಣುಕಿದಳು. "ಏನದು ಸಪ್ಪಳಾ? ಇವರ್ಯಾರವ್ವಾ, ಮಣ್ಣಾಗ ಕುಂತಾರ?"

ಗುರುಬಸವ್ವ ಮಗಳ ಮುಖ ನೋಡಿದಳು. ಇದಕ್ಕೆ ಉತ್ತರ ಅವಳೇ ಕೊಡಬೇಕಾಗಿತ್ತು. ಭಾಗೀರಥಿ ಆ ಮನುಷ್ಯನನ್ನು ನೋಡಿದಳು. ಸಿಟ್ಟು ಹೋಗಿರಲಿಲ್ಲ, ಹೋಗುವಂಥದ್ದೂ ಅಲ್ಲ. ಆದರೆ ಓರಣಿಯ ಬಂದರನ್ನು, ಏಳು ಚಂದ್ರರು ಒಟ್ಟಿಗೆ ಮೂಡುತ್ತಿದ್ದ ಆ ಕಡಲನ್ನು ಕಣ್ಣಾರೆ ಕಂಡವನು ಈ ಭೂಮಿಯ ಮೇಲೆ ಇವನೊಬ್ಬನೇ.

"ನಮ್ಮ ತವರಮನಿ ಕಡಿಯವರ್ರೀ," ಎಂದಳು.