ನಾಲ್ಕನೇ ಗುರುತು

ನಾಲ್ಕನೇ ಗುರುತನ್ನೂ ನೆಲಕ್ಕೆ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿ ಎದ್ದು ನಿಂತ ಮೇಲೆಯೇ ಫೋಟೋಗ್ರಾಫರ್ ನಂಜುಂಡಪ್ಪನಿಗೆ ತಾನು ಮಾಡಿದ್ದು ಗೊತ್ತಾಯಿತು. ನೀಲಿ ಪರದೆಯ ಮುಂದೆ ಬಿಳಿ ಟೇಪಿನ ನಾಲ್ಕು ಗುಣಾಕಾರ ಚಿಹ್ನೆ. ಮೊದಲ ಮೂರು ಪದವಿ ಪಡೆದವರಿಗೆ, ಅವರ ಅಪ್ಪನಿಗೆ, ಅವ್ವನಿಗೆ. ನಾಲ್ಕನೆಯದು ಬಲತುದಿಗೆ, ಒಂದು ಮೊಳ ಆಚೆ. ಅಲ್ಲಿ ನಿಲ್ಲುತ್ತಿದ್ದವಳು ಅವನ ಹೆಂಡತಿ ಭಾನು. ಬರುವ ಸೋಮವಾರಕ್ಕೆ ಅವಳು ತೀರಿಕೊಂಡು ಒಂದು ವರ್ಷ.

"ಏನ್ ನಂಜುಂಡಪ್ಪನೋರೇ, ನಾಲ್ಕ್ ಹಾಕಿದೀರಿ? ಅಪ್ಪ, ಅಮ್ಮ, ಸ್ಟೂಡೆಂಟು. ಮೂರು ಸಾಕಲ್ವಾ?" ಎಂದರು ಉಪನ್ಯಾಸಕ ಚಂದ್ರಕುಮಾರ್. ಚಾಮರಾಜನಗರದ ಆ ಕಾಲೇಜಿನಲ್ಲಿ ನಾಳಿನ ಪದವಿ ಪ್ರದಾನದ ಉಸ್ತುವಾರಿಯೆಲ್ಲ ಅವರದೇ. ತೋಳಿನ ಮೇಲೆ ಕಪ್ಪು ಗೌನುಗಳನ್ನು ಪೇರಿಸಿಕೊಂಡು ಬೆವರುತ್ತಿದ್ದರು.

"ಮೂರು ಜನ ನಿಲ್ಲಲ್ಲ ಸಾರ್ ಯಾರೂ."

"ಓಹೋ, ಅದಾ! ಇನ್ನೂ ನಡೀತದಾ ಅದು?" ಚಂದ್ರಕುಮಾರ್ ನಕ್ಕರು. ಆಮೇಲೆ ಏನೋ ನೆನಪಾದವರಂತೆ, "ಹೋದ ವರ್ಷ ನಮ್ ಮನೆಯವರೂ ಹಂಗೇ ಹಟ ಮಾಡಿದ್ರು ಬಿಡಿ," ಎಂದು ಗೌನುಗಳೊಂದಿಗೆ ಮಾಯವಾದರು.

ಮೂರು ಜನ ಒಟ್ಟಿಗೆ ನಿಂತು ಫೋಟೋ ತೆಗೆಸಿಕೊಂಡರೆ ಮೂವರಲ್ಲೊಬ್ಬರು ಉಳಿಯುವುದಿಲ್ಲವೆಂದು ಈ ಕಡೆಯ ಜನ ಹೆದರುತ್ತಾರೆ. ಓದಿದವರು ನಗುತ್ತಾರೆ, ನಿಜ. ನಕ್ಕವರೇ ತಮ್ಮ ಸರದಿ ಬಂದಾಗ ದಾರಿಯಲ್ಲಿ ಹೋಗುವವನ ರಟ್ಟೆ ಹಿಡಿದು ಎಳೆದುಕೊಳ್ಳುತ್ತಾರೆ. ನಂಜುಂಡಪ್ಪ ಗುಂಡ್ಲುಪೇಟೆಯಲ್ಲಿ ಸ್ಟುಡಿಯೋ ತೆರೆದ ಹೊಸತರಲ್ಲಿ ಇದೊಂದು ದೊಡ್ಡ ತಲೆನೋವಾಗಿತ್ತು. ಗಂಡ, ಹೆಂಡತಿ, ಒಂದು ಮಗು ಬಂದರೆ ನಾಲ್ಕನೆಯವರಿಗಾಗಿ ಪಕ್ಕದ ಟೀ ಅಂಗಡಿಗೆ ಓಡಬೇಕು. ಒಂದು ದಿನ ಭಾನುವೇ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. "ಅದ್ಕೇನಂತೆ, ನಾನೇ ನಿಂತ್ಕತೀನಿ ಬುಡಿ. ಆಮೇಲೆ ನನ್ನ ಕತ್ತರಿಸ್ಬುಡಿ, ಅಷ್ಟೇ ತಾನೆ?" ಎಂದಳು. ತೆಗೆಯುವಾಗ ನಾಲ್ಕು ಜನ ಇದ್ದರಾಯಿತು, ಕೊಡುವಾಗ ಮೂರಾದರೂ ದೋಷವಿಲ್ಲ ಎಂದು ಬಂದವರೂ ಒಪ್ಪಿದರು. ಅವಳು ಇಪ್ಪತ್ತೆರಡು ವರ್ಷ ಹಾಗೆಯೇ ನಿಂತಳು. ಅವನು ಇಪ್ಪತ್ತೆರಡು ವರ್ಷ ಕತ್ತರಿಸಿದ.

ಅದರ ಫಲ ಅವನಿಗೆ ತಿಳಿದದ್ದು ಅವಳು ತೀರಿಕೊಂಡ ಹನ್ನೊಂದನೇ ದಿನ, ಎಡೆ ಇಡುವಾಗ. ಬಾಳೆಲೆಯ ಮುಂದೆ ಇಡಲು ಅವಳದೊಂದು ಫೋಟೋ ಇರಲಿಲ್ಲ. ಮದುವೆ ಆಲ್ಬಮ್ಮನ್ನು ಗೆದ್ದಲು ಎಂದೋ ತಿಂದು ಮುಗಿಸಿತ್ತು. ಮಕ್ಕಳಿಲ್ಲದ ಮನೆ. ಇಬ್ಬರೇ ಇರುವಲ್ಲಿ ಒಬ್ಬರು ಕ್ಯಾಮೆರಾ ಹಿಡಿಯಬೇಕು, ಅದು ಅವನೇ. ಅವನು ಮೊಬೈಲ್ ಎತ್ತಿದರೆ ಅವಳು ಅಂಗೈ ಅಡ್ಡ ಹಿಡಿದು, "ದಿನಾ ನೋಡೋ ಮೂತಿ, ಸುಮ್ಕೆ ಓಗಿ ಅತ್ಲಾಗೆ," ಎನ್ನುತ್ತಿದ್ದಳು. ಕೊನೆಗೆ ಆಧಾರ್ ಕಾರ್ಡಿನ ಹೆಬ್ಬೆರಳಷ್ಟು ಚಿತ್ರವನ್ನು ದೊಡ್ಡದು ಮಾಡಿ ಚೌಕಟ್ಟು ಹಾಕಿದ. ಚುಕ್ಕೆ ಚುಕ್ಕೆಯಾದ ಬೂದು ಮುಖ, ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ. ಭಾನುವಿನ ತಂಗಿ ಸುಧಾಮಣಿ ನೆಂಟರೆಲ್ಲರ ಎದುರಿಗೆ ಕೇಳಿದಳು: "ಭಾವ, ಊರ್ನೋರ್ ಫೋಟೋ ಎಲ್ಲಾ ತೆಗಿತೀರಿ. ನಮ್ಮಕ್ಕುಂದು ಒಂದ್ ಇಲ್ವಾ ನಿಮ್ ತಾವ? ವರ್ಸದ್ ಎಡೆಗಾದ್ರೂ ನ್ಯಾಯವಾಗಿ ಒಂದ್ ಮಡಗಿ."

ಆ ಮಾತು ವರ್ಷವಿಡೀ ಅವನನ್ನು ಚುಚ್ಚಿತು. ರೀಲಿನ ಕಾಲದ ನೆಗೆಟಿವ್‌ಗಳು ಎಂದೋ ಹಾಳಾಗಿದ್ದವು. ಹಳೆಯ ಹಾರ್ಡ್ ಡಿಸ್ಕುಗಳನ್ನೆಲ್ಲ ತೆಗೆದು ಒಂದೊಂದೇ ಚಿತ್ರ ನೋಡಿದ. ಕತ್ತರಿಸಿದ ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿಕೋ ಎಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಕತ್ತರಿಸಿ, ಸೇವ್ ಎಂದು ಒತ್ತಿಬಿಟ್ಟಿದ್ದ. ಮೂಲವೆಲ್ಲ ಹೋಗಿತ್ತು. ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ತುಣುಕು ಮಾತ್ರ: ಸೀರೆಯ ಸೆರಗು, ಒಂದು ಮೊಣಕೈ, ಹಸಿರು ಬಳೆಯ ಕೈಯಲ್ಲಿ ತನ್ನದೇ ಕ್ಯಾಮೆರಾದ ಮುಚ್ಚಳ. ಹೆಂಡತಿಯ ಮೊಣಕೈಗಳು ಅವನ ಬಳಿ ನೂರಾರು ಇದ್ದವು. ಮುಖ ಒಂದೂ ಇರಲಿಲ್ಲ. ತನ್ನಂಥ ಪಾಪಿ ಇನ್ನೊಬ್ಬನಿಲ್ಲ ಎನಿಸಿ ಕಂಪ್ಯೂಟರ್ ಮುಂದೆಯೇ ತಲೆ ಚಚ್ಚಿಕೊಂಡಿದ್ದ.

ಈಗ ಟೇಪಿನ ಸುರುಳಿಯನ್ನು ಜೇಬಿಗೆ ಹಾಕಿಕೊಂಡು ನಂಜುಂಡಪ್ಪ ಹುಡುಗ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿದ. ಇನ್ನೂರ ಹನ್ನೆರಡು ಜನ. "ಬಲಗೈಲಿ ಕೈ ಕುಲುಕಬೇಕು, ಎಡಗೈಲಿ ಸರ್ಟಿಫಿಕೇಟ್ ಈಸ್ಕೋಬೇಕು. ತಗೊಂಡ ತಕ್ಷಣ ಓಡಬೇಡಿ, ಬಸ್ಸೇನೂ ಹೋಗಲ್ಲ. ನನ್ನ ಕಡೆ ನೋಡಿ, ಮನಸ್ಸಲ್ಲೇ ಮೂರು ಎಣಿಸಿ, ಆಮೇಲೆ ಇಳೀರಿ," ಎಂದು ಹೇಳಿಕೊಟ್ಟ. ಟೋಪಿಯ ಕುಚ್ಚು ಯಾವ ಕಡೆ ಇರಬೇಕೆಂದು ತೋರಿಸಿದ. ಆಮೇಲೆ ಕುರ್ಚಿಯಲ್ಲಿ ಕೂತು ಅವರು ಬರೆದುಕೊಟ್ಟ ಚೀಟಿಗಳನ್ನು ಜೋಡಿಸತೊಡಗಿದ. ಹೆಸರು, ಊರು, ಮನೆಯವರ ಜೊತೆಗಿನ ಫೋಟೋಗೆ ಎಷ್ಟು ಜನ. ಪುಣಜನೂರು, ಆರು ಜನ. ಉಡಿಗಾಲ, ನಾಲ್ಕು. ತೆರಕಣಾಂಬಿಯ ಮೇಘನಾ ಎಂಬವಳ ಚೀಟಿಯಲ್ಲಿ ಅವನ ಕೈ ನಿಂತಿತು. ಅಲ್ಲಿ ದುಂಡಗಿನ ಅಕ್ಷರದಲ್ಲಿ ಹೀಗೆ ಬರೆದಿತ್ತು: ಮೂರು ಜನ ಮತ್ತು ಆಂಟಿ.

ಅವಳನ್ನು ಕರೆಸಿದ. ಗೌನು ಪಾದಕ್ಕೆ ತೊಡರುತ್ತಿತ್ತು, ಎತ್ತಿ ಹಿಡಿದುಕೊಂಡೇ ಬಂದಳು.

"ಆಂಟಿ ಅಂದ್ರೆ ಯಾರಮ್ಮ? ನಿಮ್ ಚಿಕ್ಕಮ್ಮನಾ?"

"ಅಯ್ಯೋ, ಅಲ್ಲ ಸರ್. ನಿಮ್ ಜೊತೆ ಬರ್ತಾರಲ್ಲ, ಆ ಆಂಟಿ. ನಾಲ್ಕ್ ವರ್ಷದ ಹಿಂದೆ ನಮ್ಮಕ್ಕ ಶೃತಿದು ಗ್ರಾಜುಯೇಷನ್ ಆದಾಗ ನಿಂತಿದ್ರಲ್ಲ. ಅವತ್ತು ನಂಗೆ ಪರೀಕ್ಷೆ ಇತ್ತು, ಈಗ ಅಕ್ಕಂಗೆ ರಜ ಸಿಕ್ಕಿಲ್ಲ. ಈ ಸಲಾನೂ ಆ ಯಮ್ಮನ್ನೇ ನಿಲ್ಲಿಸ್ಕೊ ಅಂತ ನಮ್ಮವ್ವ ಹೇಳವ್ಳೆ."

"ನಿಂಗೆ ಹೆಂಗಮ್ಮ ಗೊತ್ತು ಆಂಟಿ ಇದ್ದದ್ದು?"

"ದಿನಾ ನೋಡ್ತೀನಲ್ಲ ಸರ್. ನಮ್ಮನೆ ಗೋಡೇಲವ್ರೆ."

ನಂಜುಂಡಪ್ಪ ಕುರ್ಚಿಯಿಂದ ಎದ್ದ. "ಕತ್ತರಿಸಿ ಕೊಟ್ಟಿದ್ನಲ್ಲಮ್ಮ."

"ಇಲ್ಲ ಸರ್, ನಮ್ಮವ್ವ ಜಗಳ ಆಡ್ಬುಟ್ಟು ಹಂಗೇ ಈಸ್ಕಂಡ್ಲು. ಕತ್ತರಿಸಿದ್ಮೇಲೆ ಮತ್ತೆ ಮೂರೇ ಆಯ್ತದಲ್ಲ ಅಂತ!" ಹುಡುಗಿ ನಕ್ಕಳು. "ಬರ್ತಾರಲ್ವಾ ಸರ್ ಆಂಟಿ?"

"ಸಾಯಂಕಾಲ ಗುಂಡ್ಲುಪೇಟೆಗೆ ಹೋಗ್ತಾ ನಿಮ್ಮನೆ ಹತ್ರ ಬರ್ತೀನಿ. ಅವ್ವಂಗೆ ಹೇಳು," ಎಂದಷ್ಟೇ ಅಂದ.

ಸ್ಕೂಟರಿನಲ್ಲಿ ಉಡಿಗಾಲ ದಾಟುವಾಗ ಅವನಿಗೆ ಆ ಜಗಳ ನೆನಪಾಯಿತು. ಒಬ್ಬ ಹೆಂಗಸು ಸ್ಟುಡಿಯೋ ಬಾಗಿಲಲ್ಲಿ ನಿಂತು ಸೊಂಟದ ಮೇಲೆ ಕೈಯಿಟ್ಟು ಕೂಗಿದ್ದಳು. ಅವನು ರೇಗಿದ್ದ. ಭಾನು ಮಾತ್ರ ಬಿದ್ದು ಬಿದ್ದು ನಕ್ಕು, "ಆಯಮ್ಮ ಏಳದು ಸರಿಯಾಗೇ ಅದೆ ಕಣ್ರಿ," ಎಂದು ತಾನೇ ಇಡೀ ಚಿತ್ರದ ಪ್ರಿಂಟು ಹಾಕಿಕೊಟ್ಟಿದ್ದಳು. ಮರುದಿನ ಅವನು ಉಳಿದವುಗಳ ಜೊತೆ ಅದನ್ನೂ ಕತ್ತರಿಸಿ ಸೇವ್ ಒತ್ತಿದ್ದ. ಒಂದು ವರ್ಷದಿಂದ ಹುಡುಕುತ್ತಿದ್ದ ಮುಖ, ತಾನು ಕೆಲಸಕ್ಕೆಂದು ಎಷ್ಟೋ ಸಲ ಓಡಾಡಿದ ರಸ್ತೆಯ ಪಕ್ಕದ ಮನೆಯ ಗೋಡೆಯಲ್ಲಿತ್ತು. ಸ್ಕೂಟರು ತಾನಾಗಿಯೇ ಜೋರಾಯಿತು.

ತೆರಕಣಾಂಬಿಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಆ ಮನೆ. ಹುಡುಗಿಯ ಅಪ್ಪ ಮರಿಯಯ್ಯ ಕೂಲಿಯಿಂದ ಬಂದು ಕಾಲು ತೊಳೆಯುತ್ತಿದ್ದ. ಅವ್ವ ಪುಟ್ಟಸಿದ್ದಮ್ಮ ಚಾಪೆ ಹಾಸಿ, ಬಾಗಿಲಾಚೆ ಇಣುಕಿ ನೋಡಿದಳು.

"ಅಕ್ಕ ಬರ್ನಿಲ್ವಾ ಸಾ?"

"ಇಲ್ಲಮ್ಮ. ಅವಳು ಹೋಗ್ಬಿಟ್ಲು. ಸೋಮವಾರಕ್ಕೆ ವರ್ಷ ಆಗ್ತದೆ."

ಪುಟ್ಟಸಿದ್ದಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. "ಅಯ್ಯೋ ಶಿವನೆ! ಇಷ್ಟ್ ಬಿರ್ನೆ ಓಗ್ಬುಟ್ರಾ ಆ ತಾಯಿ," ಎಂದು ಕುಸಿದು ಕೂತಳು. ಒಂದೆರಡು ಸಲ ಕಂಡವಳಿಗಾಗಿ ಅವಳು ಅತ್ತದ್ದನ್ನು ನೋಡಿ ನಂಜುಂಡಪ್ಪನಿಗೆ, ಮನೆಯಲ್ಲಿ ಭಾನುವಿನ ಹೆಸರೆತ್ತಲು ಒಬ್ಬರೂ ಇಲ್ಲದೆ ತಾನು ಇಷ್ಟು ದಿನ ಹೇಗೆ ಇದ್ದೆ ಎನಿಸಿತು.

ಫೋಟೋ ಟೀವಿಯ ಮೇಲೆ, ಕ್ಯಾಲೆಂಡರಿನ ಪಕ್ಕ ಇತ್ತು. ಅವನು ಹತ್ತಿರ ಹೋದ. ನಡುವೆ ಗೌನು ತೊಟ್ಟ ಶೃತಿ. ಒಂದು ಕಡೆ ಟವೆಲ್ ಹೊದ್ದು ಕಂಬದಂತೆ ನಿಂತ ಮರಿಯಯ್ಯ, ಇನ್ನೊಂದು ಕಡೆ ಮುಷ್ಟಿ ಬಿಗಿಹಿಡಿದ ಪುಟ್ಟಸಿದ್ದಮ್ಮ. ಬಲತುದಿಯಲ್ಲಿ, ಒಂದು ಮೊಳ ಆಚೆ, ಸಾಸಿವೆ ಬಣ್ಣದ ಸೀರೆಯ ಭಾನು. ಒಂದು ಕೈಯಲ್ಲಿ ಕ್ಯಾಮೆರಾದ ಮುಚ್ಚಳ, ಇನ್ನೊಂದರಲ್ಲಿ ಚೀಟಿಗಳ ಕಟ್ಟು. ಮುಖದ ತುಂಬ ನಗು. ಕಣ್ಣು ಮುಚ್ಚಿತ್ತು.

ಅವನು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೆ ನೋಡಿದ. ಮುಚ್ಚಿಯೇ ಇತ್ತು. ಯಾಕೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. "ಮೂರೂ ಜನ ಈ ಕಡೆ ನೋಡಿ, ಕಣ್ಣು ಮುಚ್ಚಬೇಡಿ," ಎಂದು ಕೂಗುತ್ತಿದ್ದ. ಮೂರು ಜೊತೆ ಕಣ್ಣು ತೆರೆದಿವೆಯೇ ನೋಡಿ ಒತ್ತುತ್ತಿದ್ದ. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ನಾಲ್ಕನೆಯವಳ ಕಣ್ಣು ನೋಡಿರಲಿಲ್ಲ. ಹೇಗೂ ಕತ್ತರಿಸುವುದು ತಾನೆ?

"ಕಣ್ಮುಚ್ಚವ್ರೆ, ನಿಜ," ಎಂದಳು ಹಿಂದೆ ಬಂದು ನಿಂತ ಪುಟ್ಟಸಿದ್ದಮ್ಮ. "ಆದ್ರೂ ನಮ್ ನಾಕ್ ಜನ್ದಲ್ಲಿ ನಗ್ತಾ ಇರೋರು ಅವ್ರೊಬ್ರೇ ಕಣಿ ಸಾ. ನಾವೆಲ್ಲಾ ಪೊಲೀಸ್ ಟೇಸನ್ಗೆ ಬಂದೋರಂಗೆ ನಿಂತೀವಿ."

ನಂಜುಂಡಪ್ಪ ಎಡೆಯ ವಿಷಯ, ಆಧಾರ್ ಕಾರ್ಡಿನ ವಿಷಯ, ಮೊಣಕೈಗಳ ವಿಷಯ ಎಲ್ಲ ಹೇಳಿಕೊಂಡ. ಯಾರ ಬಳಿಯೂ ಹೇಳಿರಲಿಲ್ಲ. ಪುಟ್ಟಸಿದ್ದಮ್ಮ ಮೊಳೆಯಿಂದ ಫೋಟೋ ಇಳಿಸಿ ಗಾಜನ್ನು ಸೆರಗಿನಿಂದ ಒರೆಸಿದಳು.

"ತಕಳಿ, ಇದ್ರ ಫೋಟೋ ಒಡ್ಕಳಿ. ಈ ಸಲ ನಮ್ನ ಕತ್ತರಿಸ್ಬುಡಿ ಸಾ. ನಾವಿನ್ನೂ ಇದೀವಲ್ಲ."

ಬೆಳಕಿರುವಾಗಲೇ ಜಗಲಿಗೆ ತಂದು ಗೋಡೆಗೆ ಒರಗಿಸಿದರು. ನಂಜುಂಡಪ್ಪ ಮಂಡಿಯೂರಿ ಕ್ಯಾಮೆರಾ ಕಣ್ಣಿಗೆ ಹಿಡಿದ. ಮೊದಲು ಭಾನುವೊಬ್ಬಳೇ ಕಾಣುವಷ್ಟು ಹತ್ತಿರಕ್ಕೆ ತಂದ. ಅವಳ ಬದಿಯಲ್ಲಿ ಪುಟ್ಟಸಿದ್ದಮ್ಮನ ಬಿಗಿದ ಮುಷ್ಟಿ ಅರ್ಧ ಉಳಿಯಿತು. ಆ ಅರ್ಧ ಮುಷ್ಟಿಯನ್ನು ನೋಡುತ್ತಲೇ ಅವನಿಗೆ ಅಳು ಬಂತು. ಬಂದದ್ದನ್ನು ಕ್ಯಾಮೆರಾದ ಹಿಂದೆಯೇ ಮುಗಿಸಿಕೊಂಡ. ಆಮೇಲೆ ಹಿಂದಕ್ಕೆ ಸರಿದು, ನಾಲ್ಕು ಜನರೂ ಪೂರ್ತಿ ಬರುವಂತೆ ಒತ್ತಿದ.

"ನಮ್ಮುನ್ನೂ ಸೇರ್ಸಿ ಒಡುದ್ರಾ?" ಎಂದ ಮರಿಯಯ್ಯ, ಅಷ್ಟು ಹೊತ್ತಿಗೆ ಮೊದಲ ಮಾತು.

"ಇರಲಿ ಬುಡಿ ಮರಿಯಯ್ಯ. ಒಬ್ಬಳೇ ಆಗ್ಬಿಡ್ತಾಳೆ."

ಮರುದಿನ ಬೆಳಿಗ್ಗೆ ಹೊರಡುವ ಮುಂಚೆ ಪ್ರಿಂಟು ತೆಗೆದು, ಆಧಾರ್ ಮುಖವನ್ನು ಕೆಳಗಿಳಿಸಿ ಅದೇ ಮೊಳೆಗೆ ತೂಗುಹಾಕಿದ. ಸುಧಾಮಣಿಗೂ ಮೊಬೈಲಿನಲ್ಲಿ ಕಳಿಸಿದ. ತಕ್ಷಣ ಅವಳ ಫೋನು ಬಂತು. ಮೊದಲು ಅತ್ತಳು. ಆಮೇಲೆ, "ಅವ್ರೆಲ್ಲಾ ಯಾರು ಭಾವ? ಅಕ್ಕುನ್ ಕಣ್ಣು ತೆರ್ಸಕ್ಕಾಗಲ್ವಾ ಕಂಪ್ಯೂಟರ್ನಲ್ಲಿ? ನಿಮಗ್ ಬತ್ತದಲ್ಲ," ಎಂದಳು. ಬರುತ್ತಿತ್ತು. ಎಷ್ಟೋ ಮದುಮಕ್ಕಳ ಮುಚ್ಚಿದ ಕಣ್ಣನ್ನು ಬೇರೆ ಚಿತ್ರದಿಂದ ತಂದು ತೆರೆಸಿದ್ದ. "ಬತ್ತದೆ ಕಣಮ್ಮಿ. ಮಾಡಲ್ಲ," ಎಂದ.

ಕಾಲೇಜಿನಲ್ಲಿ ಮಧ್ಯಾಹ್ನದವರೆಗೆ ವೇದಿಕೆಯ ಗಲಾಟೆ. ಮೂರು ಎಣಿಸಿರೆಂದರೆ ಅರ್ಧಕ್ಕರ್ಧ ಜನ ಒಂದಕ್ಕೇ ಓಡಿದರು. ಊಟವಾದ ಮೇಲೆ ನೀಲಿ ಪರದೆಯ ಮುಂದೆ ಮನೆಯವರ ಸಾಲು. ಎಲ್ಲರಿಗಿಂತ ಮುಂದೆ ಪುಟ್ಟಸಿದ್ದಮ್ಮ ನಿಂತಿದ್ದಳು, ಮಗಳ ಗೌನಿನ ತುದಿ ನೆಲಕ್ಕೆ ತಾಗದಂತೆ ಹಿಡಿದುಕೊಂಡು. ಮೂವರೂ ಮೂರು ಗುರುತಿನ ಮೇಲೆ ಹೋಗಿ ನಿಂತರು. ನಾಲ್ಕನೆಯದು ಖಾಲಿ ಇತ್ತು.

ಚಂದ್ರಕುಮಾರ್ ಅದಕ್ಕೂ ವ್ಯವಸ್ಥೆ ಮಾಡಿದ್ದರು. ಕಾಲೇಜಿನ ಕಸ ಗುಡಿಸುವ ಗುರುಮಲ್ಲಮ್ಮ ಪೊರಕೆಯನ್ನು ಪರದೆಯ ಹಿಂದಿಟ್ಟು ಬಂದು, ಗುರುತಿನ ಮೇಲೆ ಕಾಲಿಟ್ಟು, ಕಿಟಕಿಯಾಚೆ ನೋಡುತ್ತಾ ನಿಂತಳು.

"ಗುರುಮಲ್ಲಮ್ಮ, ಈ ಕಡೆ," ಎಂದ ನಂಜುಂಡಪ್ಪ.

"ನಾ ಎತ್ಲಾಗ್ ನೋಡಿದ್ರೇನ್ ಸಾ, ನನ್ನ ಕತ್ತರ್ಸದೇ ಅಲ್ವಾ?"

"ಇಲ್ಲ. ಕತ್ತರಿಸಲ್ಲ."

ಗುರುಮಲ್ಲಮ್ಮ ಅವನ ಕಡೆ ತಿರುಗಿದಳು. ಸರಕ್ಕನೆ ಕೈಯನ್ನು ಸೀರೆಗೆ ಒರೆಸಿಕೊಂಡು, ಹಣೆಯ ಮೇಲಿನ ಕೂದಲು ಹಿಂದಕ್ಕೆ ತಳ್ಳಿಕೊಂಡಳು. ಪುಟ್ಟಸಿದ್ದಮ್ಮ ಅವಳ ತೋಳು ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು. ನೆಲದ ಮೇಲಿನ ಗುರುತು ಅಲ್ಲೇ ಉಳಿಯಿತು.

"ನಾಲ್ಕೂ ಜನ," ಎಂದ ನಂಜುಂಡಪ್ಪ. ಕ್ಯಾಮೆರಾ ಕಣ್ಣಿಗೆ ಹಿಡಿದ. "ನಾಲ್ಕೂ ಜನ ಈ ಕಡೆ ನೋಡಿ. ಕಣ್ಣು ಮುಚ್ಚಬೇಡಿ."

ಮೂರು ಜೊತೆ ಕಣ್ಣು ತೆರೆದಿದ್ದವು. ಬಲತುದಿಯಲ್ಲಿ ಗುರುಮಲ್ಲಮ್ಮ ಬೆಳಕು ತಾಳದೆ ಕಣ್ಣು ಮಿಟುಕಿಸುತ್ತಿದ್ದಳು. ನಂಜುಂಡಪ್ಪ ಒತ್ತಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದರು. ಅವನು ಬೆರಳನ್ನು ಗುಂಡಿಯ ಮೇಲಿಟ್ಟುಕೊಂಡು ಕಾದ.