ಮಾಚಯ್ಯನವರ ಫಾಸ್ಟ್ಯಾಗ್

ಓಡಿಹೋಗುವವರು ಯಾರಾದರೂ ಅಪ್ಪನ ಕಾರಿನಲ್ಲೇ ಹೋಗುತ್ತಾರೆಯೇ? ಚೋಂದಮ್ಮ ಹೊರಟಿದ್ದಳು. ಪಕ್ಕದಲ್ಲಿ ಸ್ಟೀರಿಂಗ್ ಹಿಡಿದಿದ್ದ ಶ್ರವಣ್‌ನ ಮನೆಯಲ್ಲಿದ್ದದ್ದು ಹೋಟೆಲಿನ ವ್ಯಾನ್ ಒಂದೇ, ಅದರ ಎರಡೂ ಮಗ್ಗುಲಿಗೆ ಆಳೆತ್ತರದ ಮಸಾಲೆದೋಸೆಯ ಚಿತ್ರ. ಅದರಲ್ಲಿ ಕೂತು ಮದುವೆಗೆ ಹೋಗಲು ಅವಳು ಸುತರಾಂ ಒಪ್ಪಲಿಲ್ಲ.

ಮದುವೆ ನಾಳೆ, ಜೈಪುರದ ದೇವಸ್ಥಾನದಲ್ಲಿ. ಅಲ್ಲಿನ ಗೆಳತಿ ಕೃತಿ ಎಲ್ಲ ಗೊತ್ತುಮಾಡಿದ್ದಳು. ಕೊಡವರ ಹುಡುಗನಲ್ಲದಿದ್ದರೆ ಅಪ್ಪ, ನಿವೃತ್ತ ಸುಬೇದಾರ್ ಮಾಚಯ್ಯ, ಒಪ್ಪುವುದಿಲ್ಲವೆಂದು ಮಗಳು ತಾನೇ ತೀರ್ಮಾನಿಸಿಬಿಟ್ಟಿದ್ದಳು. ಒಂದು ಮಾತು ಕೇಳಿದ್ದರೆ ಅವಳ ಗಂಟೇನು ಹೋಗುತ್ತಿತ್ತು! ಕೇಳಲಿಲ್ಲ. ತಾಳಿ ಕಟ್ಟಿಸಿಕೊಂಡು ಬಂದು, ಕಾಲಿಗೆ ಬಿದ್ದು ತಾನೇ ಹೇಳಬೇಕು, ಅಲ್ಲಿಯವರೆಗೆ ಅವರಿಗೆ ತಿಳಿಯಬಾರದು ಎಂಬುದೊಂದೇ ಅವಳ ಆಸೆ. ಬೆಳಿಗ್ಗೆ ದೆಹಲಿಯ ವಸಂತ್ ಕುಂಜ್‌ನ ಮನೆಯಲ್ಲಿ, ಊರೊಳಗೇ ಇರುವ ಓಖ್ಲಾದ ಆಫೀಸಿಗೆಂದು ಹೇಳಿ ಕೀಲಿ ತೆಗೆದುಕೊಂಡಿದ್ದಳು.

ಜೈಪುರದ ಹೆದ್ದಾರಿಯಲ್ಲಿ, ಮಾನೇಸರ್ ಕಡೆಯ ಟೋಲ್‌ನಲ್ಲಿ ಗಾಜಿಗೆ ಅಂಟಿಸಿದ್ದ ಫಾಸ್ಟ್ಯಾಗನ್ನು ಯಂತ್ರ ಓದಿತು, ಗೇಟು ಎದ್ದಿತು. ಸ್ವಲ್ಪ ಹೊತ್ತಿಗೆ ಅಪ್ಪನ ಫೋನು.

"ಮಗಳೇ, ಆಫೀಸ್ ತಲುಪಿದ್ಯಾ? ನಮ್ಮ ಗಾಡಿ ಮಾನೇಸರ್ ಟೋಲ್ ದಾಟಿತು ಅಂತ ನನಗೆ ಮೆಸೇಜ್ ಬಂದಿದೆ ನೋಡು! ಫಾಸ್ಟ್ಯಾಗ್ ಹೆಲ್ಪ್‌ಲೈನ್ ಹುಡುಗಿಗೆ ಚೆನ್ನಾಗಿ ಬೈದೆ. ಮನೆಯವರೇ ಯಾರೋ ತಗೊಂಡು ಹೋಗಿರ್ಬೇಕು ಅಂತಾಳೆ. ನನ್ನ ಮಗಳು ಓಖ್ಲಾ ಅಂದ್ರೆ ಓಖ್ಲಾನೇ, ಸುಳ್ಳು ಹೇಳೋ ಪೈಕಿ ಅಲ್ಲ ಅಂದೆ. ಪಾಪ, ಅಳೋ ಹಾಗಾಯ್ತು ಅವಳಿಗೆ."

ಚೋಂದಮ್ಮ, "ಹೌದಪ್ಪ... ಅವರದ್ದೇ ತಪ್ಪಿರ್ಬೇಕು," ಎಂದುಬಿಟ್ಟಳು. ಥೂ, ಎಂಥ ಬಾಯಿ ಅದು!

ಫೋನಿಟ್ಟವಳೇ ಶ್ರವಣ್‌ಗೆ, "ಗಾಡಿ ತಿರುಗಿಸು," ಎಂದಳು.

"ತಿರುಗಿಸಿದ್ರೆ ಅದೇ ಟೋಲ್ ಯಾರ್. ಮುಂದೆ ಹೋದ್ರೆ ಇನ್ನೊಂದು. ಎರಡೂ ಕಡೆಯಿಂದ ನಿಮ್ಮಪ್ಪಂಗೆ ಮೆಸೇಜ್ ಹೋಗತ್ತೆ. ಮೈಂ ಕ್ಯಾ ಕರೂಂ, ನಾನೇನ್ ಮಾಡ್ಲಿ?"

ಅವನೂ ಅಳುಮೋರೆ ಹಾಕಿದ್ದ. ಅವನಿಗೆ ಬೈಯಲೂ ಅವಳಿಗೆ ಮನಸ್ಸಾಗಲಿಲ್ಲ. ಮುಂದಕ್ಕೆ ಬಾಗಿ ಫಾಸ್ಟ್ಯಾಗನ್ನು ಉಗುರಿನಿಂದ ಕೆರೆದಳು. ಸುಬೇದಾರರು ಅಂಟಿಸಿದ್ದು, ಜಪ್ಪಯ್ಯ ಅಂದರೂ ಬರಲಿಲ್ಲ. ಹಿಂದಿನ ಲಾರಿಗಳು ಹಾರ್ನ್ ಹೊಡೆದು ಹೊಡೆದು ಅವರನ್ನು ಮುಂದಕ್ಕೇ ತಳ್ಳಿದವು.

ಎರಡನೆಯ ಟೋಲ್ ಬಂತು. ಅವಳು ಕಿಟಕಿಯಿಂದ ನೋಟು ಚಾಚಿ, "ಭಯ್ಯಾ, ಕ್ಯಾಶ್ ಲೇ ಲೋ, ಪ್ಲೀಸ್!" ಎಂದು ಕೂಗಿದಳು. ಟೋಲ್‌ನವನು ಹೋಗಿ ಹೋಗಿ ಎಂದು ಕೈ ಆಡಿಸಿದ. ಗೇಟು ಆಗಲೇ ಎದ್ದಿತ್ತು.

ಈ ಸಲ ಅರ್ಧ ಗಂಟೆ ಫೋನೇ ಬರಲಿಲ್ಲ. ಬಂದಾಗ ಅವಳೇ ಮೊದಲು, "ಅಪ್ಪ, ನಾನು..." ಎಂದಳು.

"ಗೊತ್ತಾಯ್ತು ಮಗಳೇ, ಎರಡನೇ ಟೋಲ್‌ನ ಮೆಸೇಜೂ ಬಂತು. ಯಾರ ಜೊತೆ ಇದ್ರೂ ಹುಷಾರಾಗಿ ಹೋಗಿ." ಅಪ್ಪನ ದನಿ ಅಷ್ಟು ಮೆತ್ತಗಾದದ್ದನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. "ಇಡ್ತೀನಿ. ಆ ಹೆಲ್ಪ್‌ಲೈನ್ ಹುಡುಗಿ ಹತ್ರ ಕ್ಷಮೆ ಕೇಳ್ಬೇಕು."