ಸಂಗ್‌ತೇಕನ ಎಡಗೈ

ದುಮಾನ್ ಮಾಂಸದ ಸಾರಿನ ಬಟ್ಟಲನ್ನು ಇನ್ಸುವಿನ ಮುಂದೆ ಸರಿಸಿ, ಅನ್ನವನ್ನೂ ತಾನೇ ಅದರೊಳಗೆ ಸುರಿದ. ನಿನ್ನೆಯಿಂದ ಇನ್ಸು ಏನೂ ತಿಂದಿರಲಿಲ್ಲ. ಆಸ್ಪತ್ರೆಯ ನೆಲಮಾಳಿಗೆಯ ಶೋಕಗೃಹದಲ್ಲಿ ಬಂದವರೆಲ್ಲ ಗುಂಪುಗುಂಪಾಗಿ ನೆಲದ ಮೇಲೆ ಕೂತು ಉಣ್ಣುತ್ತಿದ್ದರು. ಪಕ್ಕದ ಕೋಣೆಯಲ್ಲಿ ಬಿಳಿ ಸೇವಂತಿಗೆಗಳ ನಡುವೆ ಸಂಗ್‌ತೇಕನ ಫೋಟೊ. ಕೊರಿಯಾದ ಬುಪ್ಯೊಂಗ್‌ನಲ್ಲಿ ಮುದುಕರಿಗಾಗಿಯೇ ಇರುವ ಡ್ಯಾನ್ಸ್ ಹಾಲಿನಲ್ಲಿ ಅವನು ಮಧ್ಯಾಹ್ನದ ಬ್ಯಾಂಡಿಗೆ ಡ್ರಮ್ ಬಾರಿಸುತ್ತಿದ್ದ. ಅದೇ ಹಾಲಿನ ಮೆಟ್ಟಿಲ ಮೇಲೆ ಕುಸಿದವನು ಮತ್ತೆ ಕಣ್ಣು ತೆರೆಯಲಿಲ್ಲ.

ದುಮಾನ್ ಆ ಬ್ಯಾಂಡಿನ ಗಿಟಾರಿನವನು. ಇನ್ಸು ಮೈಕು, ಸ್ಪೀಕರುಗಳ ಧ್ವನಿ ನೋಡಿಕೊಳ್ಳುವವನು.

"ಕೊನೇವರೆಗೂ ಎಂಥಾ ಪೆಟ್ಟಯ್ಯ ಅವಂದು! ಲಕ್ವ ಹೊಡೆದ ಕೈ ಅಂತ ಯಾರಾದ್ರೂ ಹೇಳ್ತಿದ್ರಾ?" ದುಮಾನ್ ಸೋಜು ಮದ್ಯದ ಬಾಟಲಿ ಎತ್ತಿದ. "ನಿನ್ನ ಕಂಪ್ಯೂಟರಿಗೂ ಒಂದು ಲೋಟ ಕುಡಿಸ್ಬೇಕು."

ಇನ್ಸು ಚಮಚವನ್ನು ಸಾರಿನಲ್ಲೇ ಬಿಟ್ಟ.

*

ಲಕ್ವ ಹೊಡೆದ ಮೇಲೆ ಸಂಗ್‌ತೇಕನ ಎಡಗೈ ಅಲ್ಲಾಡುತ್ತಿತ್ತು, ಬಲವಿರಲಿಲ್ಲ. ಹಾಲಿನ ಮಾಲೀಕ ಬೇರೆ ಡ್ರಮ್ಮರ್ ಹುಡುಕುವ ಮಾತಾಡಿದ್ದ. ಕೈ ಚೆನ್ನಾಗಿದ್ದ ಕಾಲದಲ್ಲಿ ಒಂದೊಂದು ಡ್ರಮ್ಮಿನ ಪೆಟ್ಟನ್ನೂ ಇನ್ಸು ಬೇರೆಬೇರೆಯಾಗಿ ರೆಕಾರ್ಡ್ ಮಾಡಿಟ್ಟಿದ್ದ. ಈಗ ಡ್ರಮ್ಮುಗಳ ಅಂಚಿಗೆ ಪುಟ್ಟ ಸೆನ್ಸರುಗಳನ್ನು ಸಿಕ್ಕಿಸಿ, ತಂತಿ ಎಳೆದು ಕಂಪ್ಯೂಟರಿಗೆ ಜೋಡಿಸಿದ. ಕೋಲು ಸುಮ್ಮನೆ ತಾಗಿದರೆ ಸಾಕು, ಸ್ಪೀಕರಿನಿಂದ ಹಳೆಯ ಪೆಟ್ಟು ಬರುತ್ತಿತ್ತು.

ಮೊದಲ ಸಲ ಮುಟ್ಟಿದಾಗ ಸಂಗ್‌ತೇಕ್ ಬಿಸಿ ತಾಗಿದವನಂತೆ ಕೈ ಹಿಂದೆಗೆದ. ಇನ್ನೊಮ್ಮೆ ಮುಟ್ಟಿದ.

"ಇದು ನಂದೇ ಕಣೋ," ಎಂದ. "ಇಷ್ಟು ದಿನ ಎಲ್ಲಿಟ್ಟಿದ್ದೆ?"

ಆಮೇಲೆ ದಿನವೂ ಕುಣಿತ ಮುಗಿದ ಮೇಲೆ ಇಬ್ಬರೂ ಎದುರಿನ ಅಂಗಡಿಯಲ್ಲಿ ಶಾವಿಗೆ ತಿನ್ನುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಇನ್ಸು ಯಾರಾದರೊಬ್ಬರ ಎದುರು ಕೂತು ಉಣ್ಣುತ್ತಿದ್ದುದು ಅದೊಂದೇ ಊಟ.

ಎರಡನೆಯ ಚಳಿಗಾಲ ಬರುವ ಹೊತ್ತಿಗೆ ಕೈ ಇನ್ನೂ ಸೋತಿತ್ತು. ಒಂದು ಹಾಡಿನ ನಡುವೆ ಕೋಲು ಅರ್ಧ ದಾರಿಯಲ್ಲೇ ನಿಂತುಬಿಟ್ಟಿತು. ತನಗೇ ತಿಳಿಯುವ ಮೊದಲು ಇನ್ಸುವಿನ ಬೆರಳು ಕಂಪ್ಯೂಟರಿನ ಕೀಲಿಯೊಂದನ್ನು ಒತ್ತಿತ್ತು. ಪೆಟ್ಟು ತಾಳಕ್ಕೆ ಸರಿಯಾಗಿ ಬಿತ್ತು. ಕುಣಿಯುತ್ತಿದ್ದವರು ಕುಣಿಯುತ್ತಲೇ ಇದ್ದರು. ಅಂದಿನಿಂದ ಇನ್ಸು ಆ ಕೈಯಿಂದ ಕಣ್ಣು ತೆಗೆಯಲಿಲ್ಲ. ವಸಂತ ಬರುವ ಹೊತ್ತಿಗೆ ಎಡಗೈಯ ಪೆಟ್ಟೆಲ್ಲ ಅವನ ಬೆರಳಿನದೇ ಆಗಿತ್ತು. ತಾನು ಅಣ್ಣನೆಂದೇ ಕರೆಯುತ್ತಿದ್ದ ಸಂಗ್‌ತೇಕನಿಗೆ ಗೊತ್ತಾದರೆ ಕೋಲು ಕೆಳಗಿಟ್ಟುಬಿಡುತ್ತಾನೆಂದು ಯಾರಿಗೂ ಹೇಳಲಿಲ್ಲ.

*

ದುಮಾನ್ ಸಿಗರೇಟಿಗೆಂದು ಎದ್ದು ಹೋದ. ಅವನ ಜಾಗದಲ್ಲಿ ಸಂಗ್‌ತೇಕನ ಹೆಂಡತಿ ಒಕ್ಬುನ್ ಬಂದು ಕೂತಳು. ಕಪ್ಪು ಶೋಕವಸ್ತ್ರ, ಕೂದಲಲ್ಲಿ ಬಿಳಿ ಪಿನ್ನು. ತಣ್ಣಗಾದ ಸಾರನ್ನು ನೋಡಿದಳು.

"ಅವರಿಗೆ ಗೊತ್ತಿತ್ತು, ಇನ್ಸು."

"ಏನು ಅತ್ತಿಗೆ?"

"ಎಡಗೈದು. ಒಂದಿನ ಬೇಕಂತಲೇ ಕೈಯನ್ನ ತೊಡೆ ಮೇಲೆ ಇಟ್ಕೊಂಡು ಕೂತ್ರಂತೆ. ಹಾಡು ಮುಗಿಯೋವರೆಗೂ ಡ್ರಮ್ ನಿಲ್ಲಲಿಲ್ವಂತೆ."

ಆ ಹಾಡು ಇನ್ಸುವಿಗೆ ನೆನಪಿತ್ತು. ಕೈ ಸೋತು ಬಿದ್ದಿದೆ ಎಂದುಕೊಂಡಿದ್ದ.

ಹಾಗಾದರೆ ಬಿಟ್ಟುಬಿಡಿ, ದಿನಾ ಅಷ್ಟು ಮೆಟ್ಟಿಲು ಯಾಕೆ ಹತ್ತುತ್ತೀರಿ ಎಂದು ತಾನು ಕೇಳಿದ್ದನ್ನು ಒಕ್ಬುನ್ ಹೇಳಿದಳು. "ಅದಕ್ಕೆ ಏನಂದ್ರು ಗೊತ್ತಾ? ನಾನು ಬಿಟ್ರೆ ಇನ್ಸು ಯಾರ ಜೊತೆ ಊಟ ಮಾಡ್ತಾನೆ, ಅಂದ್ರು."

ಮೆಟ್ಟಿಲ ಮೇಲೆ ಕುಸಿದ ದಿನ ಅವನಿಗೆ ಜ್ವರವಿತ್ತಂತೆ. ಬೈದುಕೊಂಡೇ ಶೂ ಹಾಕಿ ಕಳಿಸಿದವಳೂ ಅವಳೇ.

"ಹಾಗಾದ್ರೆ ನನ್ನಿಂದ್ಲೇ..."

"ನೀನೇ ಕಾರಣ ಅನ್ನೋಷ್ಟು ದೊಡ್ಡವನಾಗ್ಬೇಡ. ಅವರು ಯಾರ ಮಾತೂ ಕೇಳಿದವರಲ್ಲ." ಸಾರಿನ ಬಟ್ಟಲನ್ನು ಬದಿಗೆ ಸರಿಸಿದಳು. "ನಂಗೆ ಕೋಪ ಇದೆ. ಇಲ್ಲ ಅನ್ನಲ್ಲ. ಆದ್ರೂ ಬಾ. ಅಲ್ಲಿ ಫೋಟೊ ಪಕ್ಕ ಒಬ್ಬಳೇ ನಿಂತು ಸಾಕಾಗಿದೆ."

ಮಕ್ಕಳಿಲ್ಲದ ಮನೆ. ಸತ್ತವರ ಮಗ ಕಟ್ಟಿಕೊಳ್ಳಬೇಕಾದ ತೋಳುಪಟ್ಟಿ ಹಾಗೇ ಉಳಿದಿತ್ತು. ಒಕ್ಬುನ್ ಅದನ್ನು ತಂದು ಇನ್ಸುವಿನ ತೋಳಿಗೆ ಏರಿಸಿ ಪಿನ್ನು ಚುಚ್ಚಿದಳು. ಪಿನ್ನು ಒಂದೇ ಸಲಕ್ಕೆ ಕೂರಲಿಲ್ಲ.

ಅವರಿಬ್ಬರೂ ಫೋಟೊದ ಪಕ್ಕದಲ್ಲಿ ನಿಂತ ಸ್ವಲ್ಪ ಹೊತ್ತಿಗೆ, ಹಾಲಿಗೆ ಕುಣಿಯಲು ಬರುತ್ತಿದ್ದ ಮುದುಕಿಯೊಬ್ಬಳು ಬಂದಳು. ಊದುಬತ್ತಿ ಹಚ್ಚಿ, ಫೋಟೊಗೆ ಎರಡು ಸಲ ಬಾಗಿ, ಇನ್ಸುವಿನ ಕಡೆ ತಿರುಗಿದಳು. ಕಂಪ್ಯೂಟರಿನ ಹಿಂದೆ ಕೂತಿರುತ್ತಿದ್ದ ಅವನ ಗುರುತು ಅವಳಿಗಿರಲಿಲ್ಲ; ಪಟ್ಟಿಯನ್ನೂ ವಯಸ್ಸನ್ನೂ ನೋಡಿ ಸತ್ತವನ ತಮ್ಮನೆಂದೇ ತಿಳಿದಳು.

"ನಿಮ್ಮಣ್ಣನ ಪೆಟ್ಟು ಒಂದೂ ತಪ್ಪಲಿಲ್ಲಪ್ಪ," ಎಂದಳು. "ತಪ್ತಿದ್ದಿದ್ದು ನಮ್ಮ ಕಾಲೇ."

ವಾಡಿಕೆಯಂತೆ ಅವಳೂ ಇನ್ಸುವೂ ಎದುರುಬದುರಾಗಿ ಮಂಡಿಯೂರಿ ಒಬ್ಬರಿಗೊಬ್ಬರು ಬಾಗಿದರು. ಮುದುಕಿ ನೆಲಕ್ಕೆ ಕೈಯೂರಿ ಎದ್ದಳು. ಇನ್ಸು ಏಳಲಿಲ್ಲ; ಅವನ ಹಣೆ ನೆಲಕ್ಕೇ ಅಂಟಿಕೊಂಡಿತ್ತು. ಅವಳು ಒಂದು ಗಳಿಗೆ ಕಾದು, ನೋಯುವ ಮೊಣಕಾಲನ್ನು ಹಿಡಿದುಕೊಂಡು, ಮೆಲ್ಲಗೆ ಮತ್ತೆ ಅವನೆದುರು ಬಾಗಿದಳು.